ಮೂರು ಸ್ಕಾರ್ಫು, ನಾಲ್ಕನೆಯದು ನನ್ನದು

ಸೋಮವಾರ ಬೆಳಿಗ್ಗೆ ಪ್ರೊಡಕ್ಷನ್ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತು ದನಿ ತಗ್ಗಿಸಿದ. ಅವನು ದನಿ ತಗ್ಗಿಸಿದನೆಂದರೆ ಏನೋ ಕೆಟ್ಟ ಸುದ್ದಿ ಅಂತಲೇ ಅರ್ಥ. ಲೆನ್ಸ್ ಕೂರಿಸುವ ಸಾಲಿನ ಮೂವರು ಹೆಂಗಸರನ್ನು ಇವತ್ತಿನಿಂದ ಪ್ಯಾಕಿಂಗ್‌ಗೆ ಕಳಿಸುತ್ತಿದ್ದೇನೆ ಅಂದ. ಮೂವರೂ ತಲೆಗೆ ಸ್ಕಾರ್ಫ್ ಕಟ್ಟುವವರು.

"ಇದು ಶಿಕ್ಷೆ ಅಲ್ಲ. ಕಾರಣ ಗೊತ್ತಾಗುವವರೆಗೆ ಅಷ್ಟೇ. ನೀನೇ ಹೇಳಿದರೆ ಒಳ್ಳೆಯದು. ನಿನ್ನ ಬಾಯಿಂದ ಬಂದರೆ ಅವರು ತಪ್ಪು ತಿಳಿಯುವುದಿಲ್ಲ."

ನನ್ನ ಬಾಯಿಂದಲೇ ಯಾಕೆ ಅಂತ ಅವನು ಹೇಳಲಿಲ್ಲ. ನನ್ನ ತಲೆಯ ಮೇಲೂ ಸ್ಕಾರ್ಫ್ ಇತ್ತು.

ನಾನು ಅಮೆರಿಕದ ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್. ಕಾರು ಹಿಂದಕ್ಕೆ ತೆಗೆಯುವಾಗ ಪರದೆಯಲ್ಲಿ ರಸ್ತೆ ತೋರಿಸುತ್ತದಲ್ಲ, ಆ ಪುಟ್ಟ ಕ್ಯಾಮೆರಾ ನಮ್ಮಲ್ಲಿ ತಯಾರಾಗುತ್ತದೆ. ಸೆನ್ಸರ್ ಮೇಲೆ ಲೆನ್ಸ್ ಕೂರಿಸುವ ಕೆಲಸ ಕ್ಲೀನ್ ರೂಮಿನೊಳಗೆ, ಮೈಕ್ರೊಸ್ಕೋಪಿನ ಕೆಳಗೆ ನಡೆಯಬೇಕು. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಒಳಗೆ ಕೂತರೂ ಪರದೆಯ ಮೇಲೆ ಕಪ್ಪು ಚುಕ್ಕೆಯಾಗಿ ಬರುತ್ತದೆ. ಆ ಕ್ಯಾಮೆರಾ ಕಸದ ಬುಟ್ಟಿಗೆ. ಒಂದು ತಿಂಗಳಿಂದ ಹಾಗೆ ಬುಟ್ಟಿಗೆ ಹೋಗುವುದು ಹೆಚ್ಚಾಗುತ್ತಲೇ ಇತ್ತು. ಗಾಳಿಯಲ್ಲಿನ ಕಣ ಎಣಿಸುವ ಯಂತ್ರ ಹಿಡಿದು ವಾರಕ್ಕೊಮ್ಮೆ ನಾನೇ ಒಳಗೆ ಹೋಗುತ್ತೇನೆ. ಲೆನ್ಸ್ ಸಾಲಿನ ಹತ್ತಿರ ಬಂದ ಕೂಡಲೇ ಅಂಕಿ ಏರುತ್ತಿತ್ತು. ಆ ಸಾಲಿನಲ್ಲಿ ಕೂರುವವರು ಆ ಮೂವರು. ಮ್ಯಾನೇಜರ್‌ಗೆ ಲೆಕ್ಕ ಸುಲಭವಾಗಿತ್ತು.

ಮೂವರಲ್ಲಿ ಒಬ್ಬಳು ಬೋಸ್ನಿಯಾದವಳು, ಒಬ್ಬಳು ಸಿರಿಯಾದವಳು. ಹಿರಿಯಳು ಹೈದರಾಬಾದಿನವಳು. ಅವಳನ್ನು ಎಲ್ಲರೂ, ಮೆಕ್ಸಿಕೋದ ಹುಡುಗಿಯರು ಕೂಡ, ಆಪಾ, ಅಂದರೆ ಅಕ್ಕ, ಅಂತಲೇ ಕರೆಯುವುದು. ಹನ್ನೊಂದು ವರ್ಷ ಅದೇ ಬೆಂಚು. ಟ್ವೀಜರ್‌ನಲ್ಲಿ ಲೆನ್ಸ್ ಎತ್ತಿದರೆ ಕೈ ಒಂದಿಷ್ಟೂ ಅಲುಗುವುದಿಲ್ಲ. ಇನ್ನೊಂದು ತಿಂಗಳಲ್ಲಿ ಅವಳು ಲೈನ್ ಟ್ರೇನರ್ ಆಗಬೇಕಿತ್ತು. ಹೊಸಬರಿಗೆ ಕಲಿಸುವ ಹುದ್ದೆ.

ಪ್ಯಾಕಿಂಗ್‌ಗೆ ಹೋಗು ಅಂದಾಗ ಆಪಾ ಮೊದಲು ಕೇಳಿದ್ದು ಒಂದೇ. "ಎಷ್ಟು ದಿನ?"

ಆ ಪ್ರಶ್ನೆಯ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಲೆನ್ಸ್ ಸಾಲಿನಲ್ಲಿ ಕೂರಲು ಸರ್ಟಿಫಿಕೇಟ್ ಬೇಕು. ಮೂವತ್ತು ದಿನ ಕ್ಲೀನ್ ರೂಮಿನೊಳಗೆ ಕೆಲಸ ಮಾಡದಿದ್ದರೆ ಅದು ರದ್ದಾಗುತ್ತದೆ. ಮತ್ತೆ ಹೊಸಬರ ಸಾಲಿಗೆ ಸೇರಿ ಪರೀಕ್ಷೆ ಕೊಡಬೇಕು. ಸರ್ಟಿಫಿಕೇಟ್ ಇಲ್ಲದವರು ಟ್ರೇನರ್ ಆಗುವ ಹಾಗಿಲ್ಲ. ಈ ನಿಯಮ ಬರೆದು ಸಹಿ ಹಾಕಿದವಳು ನಾನೇ.

"ಮೂವತ್ತರೊಳಗೆ ವಾಪಸ್ ಕರೆಸ್ತೀನಿ ಆಪಾ," ಅಂದೆ.

"ನಿನ್ನ ಉರ್ದು ಥರ ಅಲ್ಲ ತಾನೆ ಈ ಮಾತು? ಅರ್ಧಕ್ಕೆ ನಿಲ್ಲಬಾರದು ನೋಡು," ಅಂದಳು. ನನ್ನ ಮುರುಕು ಉರ್ದು ಅವಳಿಗೆ ದಿನದ ತಮಾಷೆ. ನಾವು ದಾವಣಗೆರೆ ಕಡೆಯ ಪಿಂಜಾರರು, ಮನೆಮಾತು ಕನ್ನಡ. ಅದನ್ನು ಎಷ್ಟು ಸಲ ಹೇಳಿದರೂ ಆಪಾ ಒಪ್ಪುವುದಿಲ್ಲ. "ಉರ್ದು ಬಾರದ ಮನೇಲಿ ಬೈಯೋದು ಹ್ಯಾಗೆ?" ಅನ್ನುತ್ತಾಳೆ.

ಮೊದಲ ವಾರ ಪುಸ್ತಕದಲ್ಲಿ ಬರೆದ ಹಾಗೆ ನಡೆದೆ. ಚಾವಣಿಯ ಫಿಲ್ಟರ್‌ಗಳ ಅಂಚಿಗೆ ಯಂತ್ರದ ಕೊಳವೆ ಹಿಡಿದು ಸೋರಿಕೆ ಇದೆಯಾ ಅಂತ ಒಂದೊಂದೇ ನೋಡಿದೆ. ಇರಲಿಲ್ಲ. ಗಾಳಿ ಮೇಲಿಂದ ಕೆಳಕ್ಕೆ ನೇರ ಇಳಿಯುತ್ತಿದೆಯಾ ಅಂತ ಹೊಗೆ ಬಿಟ್ಟು ನೋಡಿದೆ. ನೇರವಾಗಿಯೇ ಇಳಿಯುತ್ತಿತ್ತು. ಒಳಗಿನ ಒತ್ತಡ ಸರಿ. ಗ್ಲೌಸಿನ ಹೊಸ ಪೆಟ್ಟಿಗೆ, ಒರೆಸುವ ಬಟ್ಟೆ, ಅಂಟು, ಎಲ್ಲಾ ಸರಿ. ಸರಿ ಸರಿ ಅಂತ ಬರೆದು ಬರೆದು ಸಾಕಾಯಿತು. ಮೂವರು ಹೋದ ಮೇಲೆ ಅಂಕಿ ಇಳಿದಿತ್ತು, ಪೂರ್ತಿ ಅಲ್ಲ. ಒಂದೊಂದು "ಸರಿ"ಗೂ ಮ್ಯಾನೇಜರ್ ತಲೆಯಾಡಿಸುತ್ತಿದ್ದ. ಉಳಿದದ್ದು ಅದೊಂದೇ ತಾನೇ ಅನ್ನುವ ಹಾಗೆ.

"ಮೇಲೆ ಹುಡ್ ಇದ್ದೇ ಇದೆ," ಅಂದ. ಕಣ್ಣು ಬಿಟ್ಟು ಇಡೀ ತಲೆ ಮುಚ್ಚುವ ಕ್ಲೀನ್ ರೂಮಿನ ಟೊಪ್ಪಿಗೆಗೆ ಹುಡ್ ಅನ್ನುತ್ತೇವೆ. "ಕೂದಲು ಯಾರಿಗೂ ಕಾಣಲ್ಲ. ಅದರೊಳಗೆ ಸ್ಕಾರ್ಫ್ ಯಾಕೆ ಬೇಕು?"

ಪ್ರಶ್ನೆ ದಡ್ಡತನದ್ದಲ್ಲ. ಉತ್ತರವೂ ಕಷ್ಟದ್ದಲ್ಲ. ಬಟ್ಟೆ ಬದಲಿಸುವ ಕೋಣೆ ಗಂಡಸರು ಹೆಂಗಸರು ಎಲ್ಲರಿಗೂ ಒಂದೇ. ಒಂದು ಗೋಡೆ ಪೂರ್ತಿ ಗಾಜು, ಆಚೆ ಗ್ರಾಹಕರು ಓಡಾಡುವ ದಾರಿ. ದಿನಕ್ಕೆ ನಾಲ್ಕು ಸಲ ಹುಡ್ ತೆಗೆಯಬೇಕು, ಹಾಕಬೇಕು. ಆಪಾ ಇಷ್ಟು ವರ್ಷವೂ ಶಿಫ್ಟಿಗೆ ಇಪ್ಪತ್ತು ನಿಮಿಷ ಮೊದಲೇ ಬಂದು, ಗಾಜಿಗೆ ಬೆನ್ನು ಹಾಕಿ, ಸ್ಕಾರ್ಫ್ ಸರಿಪಡಿಸಿಕೊಂಡು ಮೊದಲು ಒಳಗೆ ಹೋಗುತ್ತಿದ್ದಳು. ಶಿಸ್ತು ಅಂತ ಅವಳಿಗೆ ಒಮ್ಮೆ ಪ್ರಶಸ್ತಿ ಪತ್ರವನ್ನೂ ಕೊಟ್ಟಿದ್ದರು. ಬೇಗ ಬರುವುದು ಯಾಕೆ ಅಂತ ಯಾರೂ ಕೇಳಿರಲಿಲ್ಲ.

"ಒಂದು ಪರದೆ ಹಾಕಿಸಿ," ಅಂದೆ.

"ಫೆಸಿಲಿಟೀಸ್‌ನವರಿಗೆ ಫಾರ್ಮ್ ತುಂಬಿ ಕಳಿಸು."

ಕಳಿಸಿದೆ. ಪರದೆಯ ಬಟ್ಟೆ ಕ್ಲೀನ್ ರೂಮಿಗೆ ಆಗುವಂಥದ್ದಾ ಅಂತ ವಾಪಸ್ ಕೇಳಿದರು. ಅದಕ್ಕೂ ಉತ್ತರ ಬರೆದೆ.

ಇದರ ಮಧ್ಯೆ ಊಟದ ಕೋಣೆಯಲ್ಲಿ ನಾನು ಇಡೀ ಧರ್ಮದ ಹೆಲ್ಪ್ ಡೆಸ್ಕ್. ಅಕೌಂಟ್ಸ್‌ನಲ್ಲಿರುವ ಪಾಕಿಸ್ತಾನದವಳು ಯಾಕೆ ಕಟ್ಟಲ್ಲ? ಮನೆಯಲ್ಲೂ ಕಟ್ಟುತ್ತೀಯಾ? ಗಂಡ ಹೇಳಿದ್ದಾ? ಕೇಳುವವರು ಕೆಟ್ಟವರಲ್ಲ. ಆದರೆ ಮೈಕ್ರೊವೇವ್‌ನಲ್ಲಿ ಅನ್ನ ತಿರುಗುವ ಎರಡು ನಿಮಿಷದಲ್ಲಿ ಅಷ್ಟಕ್ಕೂ ಉತ್ತರ ಕೊಡಬೇಕೆಂದರೆ ಯಾರಿಗಾದರೂ ರೇಗುತ್ತದೆ. ನನಗೆ ಇಪ್ಪತ್ತಾರು ಆದಾಗ ನಾನಾಗಿ ಕಟ್ಟಲು ಶುರು ಮಾಡಿದ್ದು. ನಮ್ಮವ್ವ ಸೆರಗು ಹೊದ್ದವಳು, ಸ್ಕಾರ್ಫ್ ಕಂಡವಳೇ ಅಲ್ಲ. ಇದನ್ನೆಲ್ಲಾ ಹೇಳುವಷ್ಟರಲ್ಲಿ ಅನ್ನ ತಣ್ಣಗಾಗಿರುತ್ತಿತ್ತು.

ಎರಡನೇ ವಾರ ಮೈಕ್ರೊಸ್ಕೋಪ್ ಬೆಂಚಿನ ಮೇಲೆ ಅಂಟು ಟೇಪ್ ಒತ್ತಿ, ಹತ್ತಿದ ಧೂಳನ್ನು ಗಾಜಿನ ಮೇಲೆ ಇಟ್ಟು ನೋಡಿದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಹತ್ತಿಯ ಎಳೆ. ಅಪ್ಪ ಬಿಲ್ಲಿನಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಿದ್ದವರು. ಮನೆಯ ಗಾಳಿಯಲ್ಲಿ, ನೀರಿನ ಕೊಡದಲ್ಲಿ, ನನ್ನ ಬಿಎಸ್ಸಿ ಪುಸ್ತಕದ ಹಾಳೆಗಳ ನಡುವೆ ಎಲ್ಲೆಲ್ಲೂ ಅರಳೆ. ಹತ್ತಿಯ ಎಳೆ ತಿರುಚಿದ ರಿಬ್ಬನ್ನಿನ ಹಾಗೆ ಕಾಣುತ್ತದೆ, ನಾನು ಕನಸಿನಲ್ಲೂ ಗುರುತಿಸಬಲ್ಲೆ. ಟೇಪಿನಲ್ಲಿ ಅದು ಇರಲಿಲ್ಲ ಅಂದರೂ ನಡೆಯುತ್ತೆ. ಇದ್ದದ್ದು ಒಡೆದ ಗಾಜಿನಂಥ ತೆಳ್ಳನೆ ಚೂರುಗಳು, ಬಣ್ಣವಿಲ್ಲ. ಅಂಟು ಒಣಗಿ ಉದುರಿದ್ದಾ? ಅಲ್ಲ. ಚರ್ಮವಾ? ಅಲ್ಲ. "ಗುರುತು ಸಿಕ್ಕಿಲ್ಲ" ಅಂತ ಬರೆದೆ. ಬರೆದು ಕೈ ಚೆಲ್ಲಿ ಕೂತೆ.

ರಾಚೆಸ್ಟರ್ ಹಿಲ್ಸ್‌ನಲ್ಲಿ ನಮ್ಮದೇ ಕಂಪನಿಯ ಲ್ಯಾಬ್ ಇದೆ. ಅಲ್ಲಿ ಬಟ್ಟೆಯನ್ನು ತಿರುಗುವ ಡ್ರಮ್ಮಿಗೆ ಹಾಕಿ ಎಷ್ಟು ಕಣ ಉದುರುತ್ತದೆ ಅಂತ ಎಣಿಸುವ ಯಂತ್ರವಿದೆ. ಲೆನ್ಸ್ ಕೋಣೆಗೆ ಹೋಗುವ ಎಲ್ಲರೂ ಕ್ಲೀನ್ ರೂಮಿನ ದಿರಿಸಿನೊಳಗೆ ಹಾಕುವ ಬಟ್ಟೆಯನ್ನು ಪರೀಕ್ಷಿಸೋಣ ಅಂದೆ. ಗಂಡಸರ ಟೀ ಶರ್ಟು, ಸ್ವೆಟರ್, ಎಲ್ಲಾ. ಮ್ಯಾನೇಜರ್ ಸ್ಕಾರ್ಫ್ ಮಾತ್ರ ಸಾಕು ಅಂದ. ಡ್ರಮ್ಮಿಗೆ ಸರದಿ ಸಿಕ್ಕಿದ್ದು ಮೂರನೇ ವಾರ ಕಳೆದ ಮೇಲೆ. ಅಷ್ಟರಲ್ಲಿ ಬೋಸ್ನಿಯಾದವಳು ಪಕ್ಕದ ಇಟಾಸ್ಕಾದ ಒಂದು ಹೋಟೆಲಿನಲ್ಲಿ ಕೆಲಸ ಹಿಡಿದು ಹೊರಟುಹೋದಳು. ಹೋಗುವಾಗ ನನಗೆ ಸ್ಕಾರ್ಫನ್ನು ಕವರಿನಲ್ಲಿ ಕೊಟ್ಟು, "ಇದನ್ನು ನೀನೇ ಇಟ್ಟುಕೋ, ವಿಚಾರಣೆ ಮುಗಿಯಲಿ," ಅಂದಳು. ನಗಲಿಲ್ಲ.

ಸ್ಯಾಂಪಲ್ ಹಾಳಾಗದಿರಲಿ ಅಂತ ನಾನೇ ಕಾರಿನಲ್ಲಿ ಹೊರಟೆ. ಐದು ಗಂಟೆಯ ದಾರಿ. ಮೂವರ ಮೂರು ಕವರ್ ಜೊತೆಗೆ, ಹೋಲಿಕೆಗೆ ಇರಲಿ ಅಂತ, ಹಿಂದಿನ ದಿನ ನಾನು ಕಟ್ಟಿ ಬಿಚ್ಚಿದ್ದ ಸ್ಕಾರ್ಫನ್ನೂ ಒಂದು ಕವರಿಗೆ ಹಾಕಿದ್ದೆ.

ಲ್ಯಾಬ್ ನೋಡಿಕೊಳ್ಳುವವರು ಮೈಸೂರಿನವರು. ಫೋನಿನಲ್ಲಿ ಇಂಗ್ಲಿಷ್ ಮಾತಾಡಿದ್ದೆವು. ಬಾಗಿಲಲ್ಲಿ ನನ್ನ ಬ್ಯಾಡ್ಜ್ ನೋಡಿ, "ಹೈದರಾಬಾದಾ?" ಅಂತ ಕೇಳಿದರು.

"ದಾವಣಗೆರೆ, ಸರ್. ಮನೇಲೂ ಕನ್ನಡನೇ."

"ಅಯ್ಯೋ, ಹೌದಾ! ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಾ ಮೇಡಂ!"

"ನೀವೂ ಅಷ್ಟೇ ಸರ್. ತುಂಬಾ ಚೆನ್ನಾಗಿ ಮಾತಾಡ್ತೀರಾ."

ಒಂದು ಕ್ಷಣ ಅವರಿಗೆ ಹೊಳೆಯಲಿಲ್ಲ. ಆಮೇಲೆ ಕಿವಿ ಕೆಂಪಾಗಿ, "ಸಾರಿ ಮೇಡಂ, ಬನ್ನಿ, ಕಾಫಿ ಕುಡಿಯೋಣ," ಅಂದರು. ಒಳ್ಳೆಯ ಮನುಷ್ಯ.

ಮೊದಲ ಮೂರು ಸ್ಕಾರ್ಫ್ ಡ್ರಮ್ಮಿನಲ್ಲಿ ತಿರುಗಿದವು. ಅಂಕಿ ಏಳಲೇ ಇಲ್ಲ. ಹೊಸ ಬಟ್ಟೆಗಿಂತ ಶುಭ್ರ. ನನಗೆ ಖುಷಿಯಾಗುವ ಬದಲು ಅನುಮಾನ ಬಂತು. ಕವರಿನೊಳಗಿಂದ ಸೋಪಿನ ವಾಸನೆ ಬರುತ್ತಿತ್ತು. ಆಪಾಗೆ ಫೋನ್ ಹಚ್ಚಿದೆ.

"ಕೊಡೋ ಮೊದಲು ತೊಳೆದ್ರಾ?"

"ಮತ್ತೆ? ಮೈಗೆ ಹಾಕಿದ್ದನ್ನ ಹಾಗೇ ಕೊಡ್ತಾರಾ ಯಾರಿಗಾದ್ರೂ? ಮೂವರೂ ತೊಳೆದು ಇಸ್ತ್ರಿ ಮಾಡಿಯೇ ಕೊಟ್ವಿ. ನಮ್ಮ ಮರ್ಯಾದೆ ಪ್ರಶ್ನೆ."

ನಾನು ಹಣೆ ಒತ್ತಿಕೊಂಡೆ. ತೊಳೆಯಬೇಡಿ ಅಂತ ಹೇಳುವುದನ್ನು ನಾನು ಮರೆತಿದ್ದೆ. ಹೇಳಬೇಕು ಅಂತ ಹೊಳೆದೂ ಇರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ತೊಳೆದೇ ಕೊಡುತ್ತಿದ್ದೆ. ಅಷ್ಟು ದಿನ ಕಾದ ಸರದಿ ನೀರುಪಾಲಾಯಿತು.

"ಮೇಡಂ," ಅಂದರು ಮೈಸೂರಿನವರು, "ನಾಲ್ಕನೇದು ಯಾರ್ದು?"

ಡ್ರಮ್ಮಿನ ಅಂಕಿ ಓಡುತ್ತಿತ್ತು. ನಿಲ್ಲುವ ಲಕ್ಷಣವೇ ಇಲ್ಲ.

"ನನ್ನದು."

ಉದುರಿದ ಕಣ ಹಿಡಿಯುವ ಡ್ರಮ್ಮಿನ ಫಿಲ್ಟರ್ ತೆಗೆದು ಮೈಕ್ರೊಸ್ಕೋಪಿನ ಕೆಳಗಿಟ್ಟೆ. ಅದೇ ಗಾಜಿನ ಚೂರು. ಎರಡು ವಾರದಿಂದ ಗುರುತು ಸಿಗದೆ ಕಾಡಿದ್ದು ನನ್ನ ತಲೆಯ ಮೇಲಿಂದಲೇ ಉದುರಿತ್ತು.

ಆಗ ಹೊಳೆಯಿತು. ಎರಡು ತಿಂಗಳ ಹಿಂದೆ ಟ್ರೇ ಒಂದರಲ್ಲಿ ಗುಂಡುಪಿನ್ ಸಿಕ್ಕಿ, ಕ್ಲೀನ್ ರೂಮಿನೊಳಗೆ ಯಾವ ಪಿನ್ನೂ ಕೂಡದು ಅಂತ ನಿಯಮ ಮಾಡಿದ್ದೆವು. ನಾನೇ ಸಹಿ ಹಾಕಿದ್ದೆ. ಪಿನ್ ಇಲ್ಲದೆ ಸ್ಕಾರ್ಫ್ ನಿಲ್ಲುವುದಿಲ್ಲ. ಹುಡ್ಡಿನೊಳಗೆ ಜಾರಿ ಕಣ್ಣಿಗೆ ಬರುತ್ತದೆ, ಗ್ಲೌಸ್ ಹಾಕಿದ ಕೈಯಲ್ಲಿ ಮುಖ ಮುಟ್ಟುವಂತಿಲ್ಲ. ಮೂವರೂ ನನ್ನ ಹತ್ತಿರ ಬಂದು ಗೋಳು ತೋಡಿಕೊಂಡಿದ್ದರು. ನಾನು ದೊಡ್ಡದಾಗಿ, "ಇಷ್ಟೇ ತಾನೆ? ನಮ್ಮವ್ವನ ಉಪಾಯ ಹೇಳ್ತೀನಿ," ಅಂದಿದ್ದೆ. ಅನ್ನ ಬಸಿದ ಗಂಜಿ, ತೆಳು ಬಟ್ಟೆಯಲ್ಲಿ ಸೋಸುವುದು, ಹತ್ತಿಯ ಸ್ಕಾರ್ಫ್ ಅದ್ದಿ ಹಿಂಡಿ, ಅರ್ಧ ಒಣಗಿದಾಗ ಇಸ್ತ್ರಿ. ಗರಿಗರಿ ನಿಲ್ಲುತ್ತದೆ. ಊಟದ ಕೋಣೆಯಲ್ಲಿ ಆಪಾ ನನ್ನ ತಲೆ ಮುಟ್ಟಿ ನೋಡಿ, "ಉರ್ದು ಇಲ್ಲದಿದ್ರೂ ಬುದ್ಧಿ ಇದೆ," ಅಂದಿದ್ದಳು.

ಕೆಳಗಿನ ಫಾರ್ಮಸಿಯಿಂದ ಗಾಯಕ್ಕೆ ಹಚ್ಚುವ ಅಯೋಡಿನ್ ತಂದು ಒಂದು ಹನಿ ಬಿಟ್ಟೆ. ಚೂರುಗಳು ನೀಲಿಯಾದವು. ದಾವಣಗೆರೆಯ ಕಾಲೇಜಿನಲ್ಲಿ ಮೊದಲ ವರ್ಷ ಮಾಡಿಸುವ ಪ್ರಯೋಗ. ಪಿಷ್ಟ ಇದ್ದರೆ ನೀಲಿ. ನಮ್ಮ ಮನೆತನದಲ್ಲೇ ಮೊದಲ ಡಿಗ್ರಿ ನನ್ನದು, ಆ ಹೆಮ್ಮೆಯನ್ನು ನಾನು ಎಲ್ಲೂ ಮುಚ್ಚಿಟ್ಟಿಲ್ಲ. ಆದರೆ ಗಂಜಿ ನನಗೆ ಅವ್ವನ ಒಲೆಯ ಸಂಗತಿಯಾಗಿತ್ತು, ಧೂಳು ಡಿಗ್ರಿಯ ಸಂಗತಿ. ಎರಡನ್ನೂ ಒಂದು ಕಡೆ ತಂದು ನೋಡಲು ನನಗೆ ಇಪ್ಪತ್ತೆರಡು ದಿನ ಹಿಡಿಯಿತು.

ಮೈಸೂರಿನವರು ಕುರ್ಚಿ ಹತ್ತಿರ ಎಳೆದುಕೊಂಡರು. "ನೋಡಿ ಮೇಡಂ, ಒಂದ್ಮಾತು ಹೇಳ್ತೀನಿ. ನಿಮ್ಮ ಮ್ಯಾನೇಜರ್ ಕೇಳಿದ್ದು ಮೂರು ಸ್ಯಾಂಪಲ್. ಮೂರೂ ಕ್ಲೀನ್. ನಾನು ಅಷ್ಟೇ ರಿಪೋರ್ಟ್ ಮಾಡ್ತೀನಿ. ನಿಮ್ದು ಲಿಸ್ಟಲ್ಲೇ ಇಲ್ಲ. ಅವ್ರು ನಾಳೆನೇ ವಾಪಸ್ ಹೋಗ್ತಾರೆ. ನೀವು ಗಂಜಿ ಬಿಡಿ ಅಂತ ಅವ್ರಿಗೆ ಹೇಳಿ. ಮುಗೀತಲ್ಲ?"

"ಕಾರಣ ಏನು ಅಂತ ಬರೀಲಿ?"

"ಗೊತ್ತಾಗ್ಲಿಲ್ಲ ಅಂತ ಬರೀರಿ. ಎಷ್ಟು ಕೇಸ್ ಹಂಗೇ ಕ್ಲೋಸ್ ಆಗಲ್ಲ?"

ಅವರು ಹೇಳಿದ್ದು ಆಗದ ಮಾತಲ್ಲ. ಇನ್ನೂ ಎಂಟು ದಿನ ಇತ್ತು. ಆಪಾಳ ಸರ್ಟಿಫಿಕೇಟ್ ಉಳಿಯುತ್ತಿತ್ತು. ವಾಪಸ್ ಬರುವ ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಅದನ್ನು ಬರೆದೆ, ಅಳಿಸಿದೆ. ಸುಳ್ಳೇನೂ ಇಲ್ಲವಲ್ಲ ಅಂದುಕೊಂಡೆ. ಆದರೆ ಕಾರಣ ಗೊತ್ತಿಲ್ಲ ಅಂತ ಮುಚ್ಚಿದ ಫೈಲು ಮತ್ತೆ ತೆರೆಯುತ್ತದೆ. ಮುಂದೆ ಎಂದಾದರೂ ಯಾವುದೋ ಫಿಲ್ಟರ್ ಹರಿದು ಅಂಕಿ ಏರಿದರೆ, ಮೊದಲು ಎದ್ದು ಹೊರಗೆ ಹೋಗಬೇಕಾದವರು ಇವರೇ. ಅವತ್ತು ಕ್ಲೀನ್ ಅಂತ ಬಂದಿತ್ತು ನಿಜ, ಆದರೂ, ಅನ್ನುತ್ತಾರೆ. ಆ "ಆದರೂ" ಇವರ ತಲೆಯ ಮೇಲೆ ಉಳಿದುಬಿಡುತ್ತದೆ. ಇನ್ನೊಂದು, ಅಪ್ಪ ಜೀವನಪೂರ್ತಿ ಹೆಬ್ಬೆಟ್ಟು ಒತ್ತಿದವರು, ಏನು ಬರೆದಿದೆ ಅಂತ ಓದಲಾಗದೆ ಒತ್ತಿದವರು. ನಾನು ಓದಿ, ಗೊತ್ತಿದ್ದೂ ಗೊತ್ತಿಲ್ಲ ಅಂತ ಸಹಿ ಹಾಕುವುದು ಹೇಗೆ?

ಇಪ್ಪತ್ನಾಲ್ಕನೇ ದಿನ ವರದಿ ಕೊಟ್ಟೆ. ಕಾರಣ: ಗಂಜಿ. ಪಿನ್ ನಿಷೇಧಕ್ಕೆ ಬದಲಿ ವ್ಯವಸ್ಥೆ ಮಾಡದಿದ್ದದ್ದು ಮೂಲ ತಪ್ಪು. ಗಂಜಿಯ ಸಲಹೆ ಕೊಟ್ಟವಳು ನಾನು, ಅಂತ ನನ್ನ ಹೆಸರು ಬರೆದೆ. ಪರಿಹಾರ: ಹುಡ್ಡಿನ ಒಳಗೆ ಹಾಕಲು ಕಂಪನಿಯೇ ಕೊಟ್ಟು, ಕಂಪನಿಯೇ ಒಗೆಸುವ ಎಳೆ ಬಿಡದ ಒಳಟೊಪ್ಪಿಗೆ, ಬದಲಿಸುವ ಕೋಣೆಗೆ ಪರದೆ.

ಮ್ಯಾನೇಜರ್ ಓದಿ ಮುಗಿಸಿ, "ಅಂದರೆ ಸ್ಕಾರ್ಫೇ ಕಾರಣ," ಅಂದ.

"ಗಂಜಿ ಕಾರಣ."

"ಸ್ಕಾರ್ಫಿನ ಮೇಲಿನ ಗಂಜಿ."

"ನಿನ್ನ ಷರ್ಟಿಗೆ ಗಂಜಿ ಹಾಕಿದ್ದರೂ ಇದೇ ಆಗುತ್ತಿತ್ತು. ಷರ್ಟ್ ಕಾರಣ ಅನ್ನುತ್ತಿದ್ದೆಯಾ?"

ಅವನು ವರದಿಯ ಕೊನೆಯ ಹಾಳೆಗೆ ತಿರುಗಿದ. ಒಳಟೊಪ್ಪಿಗೆ ಬರುವವರೆಗೆ ಮೂವರೂ, ಅಂದರೆ ಈಗ ಉಳಿದ ಇಬ್ಬರು, ಹೊರಗೇ ಇರಲಿ ಅಂದ. ಗಂಜಿ ಇಲ್ಲದ, ತೊಳೆದ ಸ್ಕಾರ್ಫು ಶುಭ್ರ ಅಂತ ಲ್ಯಾಬೇ ಹೇಳಿದೆಯಲ್ಲ ಅಂದೆ. ಮನೆಯಲ್ಲಿ ಏನು ಹಾಕಿ ತೊಳೆಯುತ್ತಾರೋ ಯಾರಿಗೆ ಗೊತ್ತು, ನಿನ್ನ ವರದಿಯೇ ಅದನ್ನು ತೋರಿಸಿದೆ ಅಂದ. ನನ್ನ ವರದಿಯನ್ನೇ ತಿರುಗಿಸಿ ನನ್ನ ಕೈಗೆ ಕೊಟ್ಟ. ನನ್ನ ಪಾಲಿಗೆ ಬಂದದ್ದು ಒಂದು ಎಚ್ಚರಿಕೆ ಪತ್ರ. ಅದರ ಬಗ್ಗೆ ನನ್ನ ತಕರಾರಿಲ್ಲ, ಅದು ನ್ಯಾಯವೇ.

ಆಪಾಗೆ ಪ್ಯಾಕಿಂಗ್ ಸಾಲಿನಲ್ಲಿ ನಿಂತೇ ಹೇಳಿದೆ. ಪೆಟ್ಟಿಗೆಗೆ ಟೇಪ್ ಎಳೆಯುತ್ತಾ ಕೇಳಿಸಿಕೊಂಡಳು.

"ನಿನ್ನ ದುಪಟ್ಟಾ ಬಗ್ಗೆ ಬಾಯಿ ಮುಚ್ಚಿಕೊಂಡಿದ್ರೆ ನಾನು ಇವತ್ತು ಒಳಗಿರ್ತಿದ್ದೆ?"

"ಹೂಂ."

"ನನ್ನ ಕೇಳಬೇಕಿತ್ತು ನೀನು."

ಇಷ್ಟು ದಿನದಲ್ಲಿ ನನಗೆ ತಗುಲಿದ್ದು ಆ ಒಂದು ಮಾತು. ಮ್ಯಾನೇಜರ್ ಕೇಳಲಿಲ್ಲ ಅಂತ ನಾನು ಮೂರು ವಾರ ಕುದಿದಿದ್ದೆ. ನಾನೂ ಕೇಳಿರಲಿಲ್ಲ. ಅವಳ ಹನ್ನೊಂದು ವರ್ಷವನ್ನು ನನ್ನ ಕಾರಿನಲ್ಲಿ ಒಬ್ಬಳೇ ಕೂತು ತೀರ್ಮಾನ ಮಾಡಿದ್ದೆ. ಆಪಾ ಟೇಪ್ ಹರಿದು ಮುಂದಿನ ಪೆಟ್ಟಿಗೆ ಎಳೆದುಕೊಂಡಳು.

ಮೂವತ್ತನೇ ದಿನ ಕಂಪ್ಯೂಟರಿನಲ್ಲಿ ಅವಳ ಹೆಸರಿನ ಮುಂದೆ "ರದ್ದು" ಅಂತ ಒತ್ತಿದವಳು ನಾನು. ಆ ಕೆಲಸ ಬೇರೆ ಯಾರದ್ದೂ ಅಲ್ಲ. ಟ್ರೇನರ್ ಹುದ್ದೆ ಅವಳೇ ಕಲಿಸಿದ್ದ ಹುಡುಗಿಗೆ ಹೋಯಿತು.

ಮೂವತ್ತಾರನೇ ದಿನ ಒಳಟೊಪ್ಪಿಗೆಗಳು ಬಂದವು, ಬೂದು ಬಣ್ಣದವು, ಎಲ್ಲರಿಗೂ ಒಂದೇ ಅಳತೆ. ಪರದೆ ಇನ್ನೂ ಬಂದಿರಲಿಲ್ಲ. ಸಿರಿಯಾದವಳೂ ನಾನೂ ಎರಡು ದೊಡ್ಡ ಕೋಟು ಹಿಡಿದು ಗಾಜಿನ ಗೋಡೆಗೆ ಅಡ್ಡ ನಿಂತೆವು. ಆಪಾ ಅವುಗಳ ಹಿಂದೆ ಒಳಟೊಪ್ಪಿಗೆ ಹಾಕಿಕೊಂಡು, ಹುಡ್ ಎಳೆದು, ಹೊಸಬರ ಪರೀಕ್ಷೆಗೆ ಹೋಗಿ ಕೂತಳು. ಇಪ್ಪತ್ತು ಲೆನ್ಸ್ ಕೂರಿಸಬೇಕು, ಒಂದರಲ್ಲೂ ಚುಕ್ಕೆ ಇರಬಾರದು. ಪರೀಕ್ಷಕಿ ನಾನು. ಪಕ್ಕದಲ್ಲಿ ಕೂತು ನೋಡಬೇಕು, ಮಾತಾಡಬಾರದು, ಮುಟ್ಟಬಾರದು.

ಏಳನೇ ಲೆನ್ಸಿಗೆ ಒಳಟೊಪ್ಪಿಗೆ ಜಾರಲು ಶುರುವಾಯಿತು. ಹುಬ್ಬಿನವರೆಗೆ ಬಂತು. ಒಂಬತ್ತಕ್ಕೆ ಎಡಗಣ್ಣಿನ ಅರ್ಧ ಮುಚ್ಚಿತು. ಆಪಾ ಕೈ ಎತ್ತಲಿಲ್ಲ. ಗ್ಲೌಸಿನ ಕೈ ಮುಖಕ್ಕೆ ತಾಗಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಕತ್ತು ಹಿಂದಕ್ಕೆ ಚಾಚಿ, ಗದ್ದ ಮೇಲೆತ್ತಿ, ಒಂದೇ ಕಣ್ಣಿನಲ್ಲಿ ಮೈಕ್ರೊಸ್ಕೋಪ್ ನೋಡುತ್ತಾ ಇಪ್ಪತ್ತನ್ನೂ ಕೂರಿಸಿದಳು. ಒಂದರಲ್ಲೂ ಚುಕ್ಕೆ ಇಲ್ಲ. ಕಣ ಎಣಿಸುವ ಯಂತ್ರದ ಅಂಕಿ ಮಲಗಿದ ಮಗುವಿನ ಉಸಿರಿನ ಹಾಗೆ ಸಮವಾಗಿತ್ತು.

ಹೊರಗೆ ಬಂದು ಕೋಟುಗಳ ಹಿಂದೆ ಒಳಟೊಪ್ಪಿಗೆ ತೆಗೆದು ನನ್ನ ಕೈಗೆ ಕೊಟ್ಟಳು. ಹಣೆಯ ಮೇಲೆ ಕೆಂಪು ಗೆರೆ ಬಿದ್ದಿತ್ತು.

"ಇದಕ್ಕೇನು ಹಾಕ್ತೀಯಾ ಈಗ? ಗಂಜಿಯಾ?"

ಒಂದು ತಿಂಗಳಲ್ಲಿ ಅವಳು ನನ್ನ ಹತ್ತಿರ ಆಡಿದ ಮೊದಲ ತಮಾಷೆ. ಕಣ್ಣಿನಲ್ಲಿ ನಗು ಇನ್ನೂ ಬಂದಿರಲಿಲ್ಲ.

ನಾನು ಪರೀಕ್ಷೆಯ ಹಾಳೆ ಗೋಡೆಗೆ ಒತ್ತಿ ತುಂಬಿದೆ. ಫಲಿತಾಂಶ: ಉತ್ತೀರ್ಣ. ಅದರ ಕೆಳಗೆ "ಕಂಡುಬಂದ ದೋಷ" ಅಂತ ಒಂದು ಕಾಲಂ ಇರುತ್ತದೆ. ಆ ಕಾಲಂನಲ್ಲಿ ಇಷ್ಟು ವರ್ಷ ನಾನು ಬರೆದದ್ದೆಲ್ಲಾ ಕೆಲಸಗಾರರ ದೋಷವೇ. ಆಪಾ ಪಕ್ಕದಲ್ಲಿ ನಿಂತು ಇಂಗ್ಲಿಷಿನ ಒಂದೊಂದೇ ಅಕ್ಷರ ಓದುತ್ತಿದ್ದಳು.

ಕಂಪನಿ ಒದಗಿಸಿದ ಒಳಟೊಪ್ಪಿಗೆ ತಲೆಯ ಮೇಲೆ ನಿಲ್ಲುವುದಿಲ್ಲ, ಅಂತ ಬರೆದೆ. ಹಣೆಯ ಪಟ್ಟಿಗೆ ಎಲಾಸ್ಟಿಕ್ ಬೇಕು. ಮೂರು ಅಳತೆಯಲ್ಲಿ ಬೇಕು. ಸರಿಪಡಿಸುವವರೆಗೆ ದೋಷ ತೆರೆದಿರುತ್ತದೆ.

"ಯಾರು ಹೇಳಿದ್ದು ಅಂತನೂ ಬರಿ," ಅಂದಳು ಆಪಾ.

ಪೆನ್ನು ಅವಳ ಕೈಗೆ ಕೊಟ್ಟೆ.